ಐತವಾರದ ಸಿನಿಮಾ, ಸೋಮವಾರದ ತರಗತಿ

(ನವಲಗುಂದದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಕೂಟವೊಂದರಲ್ಲಿ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಕರೆಯಲು ಬಂದ ಹುಡುಗರು ಭಾಷಣದ ವಿಷಯವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ‘ಸ್ನಾತಕೋತ್ತರ ಅಧ್ಯಯನ ಮತ್ತು ವಾರಾಂತ್ಯದ ಸೃಜನಶೀಲ ಚಟುವಟಿಕೆಗಳು’ ಎಂದಿತ್ತು. ಓದಿ, ‘ಹಂಗಂದ್ರ ಏನ್ರೋ?’ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ ಬಾಯಿಬಿಟ್ಟ: ‘ಸರ್ರ, ಐತವಾರಕ್ಕೊಮ್ಮೆ ಗೆಳ್ಯಾರು ಕೂಡಿ ಒಂದು ಸಿನಿಮಾ ಮಾಡಾಕತ್ತೇವ್ರಿ. ಮನ್ಯಾಗ ಬೈತಾರ. ಧಾರವಾಡದಾಗ ಓದಸವ್ರೂ ಮಾರಿ ಗಂಟು ಹಾಕ್ತಾರ. ನೀವು ನಮ್ಮ ಪರವಾಗಿ ನಾಕು ಮಾತು ಹೇಳಬೇಕ್ರಿ.’

ಒಪ್ಪಿಕೊಂಡು ಬಂದಿದ್ದೇನೆ. ಆದರೆ ವಕೀಲನಾದವನು ತನ್ನ ಕಕ್ಷಿದಾರನನ್ನೂ ಮೊದಲು ಒಳಗೆ ಕರೆದು ನಾಲ್ಕು ಪ್ರಶ್ನೆ ಕೇಳುತ್ತಾನೆ. ಅದನ್ನು ನಾನು ಇಲ್ಲಿ ಎಲ್ಲರೆದುರಿಗೇ ಕೇಳುವವನಿದ್ದೇನೆ.

ಮೊದಲು ಆ ‘ವಾರಾಂತ್ಯ’ ಎಂಬ ಶಬ್ದ. ಅದು ನಮ್ಮ ಊರುಗಳಿಗೆ ಹೊಸತು. ಕಚೇರಿ, ಕಾರ್ಖಾನೆ, ಶಾಲೆಗಳ ಜೊತೆಗೆ ಬಂದದ್ದು ಭಾನುವಾರದ ರಜೆ. ಒಕ್ಕಲುತನದ ಮನೆಯಲ್ಲಿ ಬಿಡುವಿನ ದಿನ ಎಂಬುದೇನಾದರೂ ಇದ್ದರೆ ಅದು ಸೋಮವಾರ. ಅಂದು ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅಂದರೆ ರಜೆ ಎತ್ತಿಗೆ. ಮನುಷ್ಯನಿಗೆ ಅದರ ನೆರಳಿನಲ್ಲಿ ಸ್ವಲ್ಪ. ಈಗ ನೋಡಿ, ಧಾರವಾಡದಲ್ಲಿ ಎಂ.ಎ. ಓದುವ ಹುಡುಗ ಶನಿವಾರ ಸಂಜೆ ಅಣ್ಣಿಗೇರಿಗೋ ಕಲಘಟಗಿಗೋ ಕುಂದಗೋಳಕ್ಕೋ ಬಂದಿಳಿಯುತ್ತಾನೆ. ಅವನ ಲೆಕ್ಕದಲ್ಲಿ ಮರುದಿನ ರಜೆ. ಅವನ ಅಪ್ಪನ ಲೆಕ್ಕದಲ್ಲಿ ವಾರಕ್ಕೊಮ್ಮೆ ಸಿಗುವ ಒಂದು ಆಳು. ಮನೆಯಲ್ಲಿ ಬೈಗುಳ ಹುಟ್ಟುವುದು ಈ ಎರಡು ಪಂಚಾಂಗಗಳ ಜಗಳದಿಂದ. ಸಿನಿಮಾದಿಂದಲ್ಲ. ಹಿರಿಯರ ಮೇಲೆ ಸಿಟ್ಟಾಗುವ ಮೊದಲು ಇಷ್ಟು ತಿಳಿದಿರಲಿ.

ಇನ್ನೊಂದು ಮಾತು. ಕೆಲಸದ ನಡುವೆ ಆಟ ಕಟ್ಟುವುದು ನಮ್ಮ ಹಿರಿಯರಿಗೆ ಗೊತ್ತಿಲ್ಲದ ವಿದ್ಯೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ನನ್ನ ಬಾಲ್ಯದಲ್ಲಿ ನಮ್ಮ ಸುತ್ತಿನ ಯಾವ ಊರಿಗೆ ಹೋದರೂ ಸುಗ್ಗಿ ಮುಗಿಯುತ್ತಿದ್ದಂತೆ ನಾಟಕದ ತಾಲೀಮು ಸುರುವಾಗುತ್ತಿತ್ತು. ಹಗಲೆಲ್ಲ ಹೊಲ, ರಾತ್ರಿ ಉಂಡ ಮೇಲೆ ಗುಡಿಯ ಕಟ್ಟೆಯ ಮೇಲೋ ಗರಡಿಮನೆಯಲ್ಲೋ ಕಂದೀಲು ಹಚ್ಚಿ ಕೂಡುತ್ತಿದ್ದರು. ಪೇಟಿ ಮಾಸ್ತರ ಬೇರೆ ಊರಿನಿಂದ ಬರುತ್ತಿದ್ದ. ಅವನಿಗೆ ಊಟ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ. ಓದು ಬಾರದವನಿಗೆ ಶಾಲೆ ಹುಡುಗ ಮಾತು ಹೇಳಿಕೊಡುತ್ತಿದ್ದ. ಖರ್ಚಿಗೆ ಪಟ್ಟಿ. ನಾಯಕನ ಪಾತ್ರ ಬೇಕೆಂದವನು ಹೆಚ್ಚು ಪಟ್ಟಿ ಕೊಡಬೇಕು, ಆದ್ದರಿಂದ ಎಷ್ಟೋ ನಾಟಕಗಳಲ್ಲಿ ನಾಯಕನಿಗಿಂತ ಅವನ ಆಳುಮಗನೇ ಚೆನ್ನಾಗಿ ನಟಿಸುತ್ತಿದ್ದ! ಪರದೆ, ಪೋಷಾಕು ಬಾಡಿಗೆಗೆ, ನಟಿಯರು ಹೊರಗಿನಿಂದ. ಆಟ ರಾತ್ರಿ ಹತ್ತರ ಮೇಲೆ ಎದ್ದು ಬೆಳಗಿನ ಜಾವಕ್ಕೆ ಮುಗಿಯುತ್ತಿತ್ತು. ನಡುವೆ ಆಯೇರಿ ಬಂದಾಗ ಸಾಯುತ್ತಿರುವ ರಾಜನೂ ಎದ್ದು ಕೈಮುಗಿದು, ಕೊಟ್ಟವರ ಹೆಸರು ಕೂಗುವವರೆಗೂ ಕಾದು, ಮತ್ತೆ ಮಲಗಿ ಸಾಯುತ್ತಿದ್ದ.

ನಗಬೇಡಿ. ಆ ನಾಟಕಗಳ ಗುಣದ ಬಗ್ಗೆ ನನಗೆ ಭ್ರಮೆ ಇಲ್ಲ. ಆದರೆ ನಾನು ಕಂಡಂತೆ ಅವು ಅರ್ಧಕ್ಕೆ ನಿಂತದ್ದು ಬಹಳ ಕಡಿಮೆ. ಯಾಕೆ? ಪ್ರತಿಭೆಯಿಂದಲ್ಲ, ಹಣದಿಂದಂತೂ ಅಲ್ಲವೇ ಅಲ್ಲ. ಜಾತ್ರೆಯ ತಿಥಿ ಇತ್ತು. ತೇರು ಎಳೆಯುವ ದಿನವನ್ನು ನಾಯಕನಿಗೆ ಮಾತು ಬಾಯಿಗೆ ಬಂದಿಲ್ಲ ಎಂದು ಮುಂದೆ ಹಾಕುವಂತಿಲ್ಲ. ಬಾಡಿಗೆಯ ಪರದೆ ಮರುದಿನ ಇನ್ನೊಂದು ಊರಿಗೆ ಹೋಗಬೇಕು. ಹೀಗೆ ಹೊರಗಿನಿಂದ ಬಂದ ಒಂದು ದಿನಾಂಕ ಇಡೀ ತಂಡವನ್ನು ಹಿಡಿದು ನಿಲ್ಲಿಸುತ್ತಿತ್ತು. ಈ ಜಾತ್ರೆಯ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರುತ್ತೇನೆ.

ಈಗ ನಿಮ್ಮ ಅಧ್ಯಾಪಕರ ಆಕ್ಷೇಪ. ಓದಿನ ಹೊತ್ತನ್ನು ಸಿನಿಮಾ ತಿನ್ನುತ್ತದೆ ಎಂಬುದು ಅವರ ದೂರು. ಅದಕ್ಕೆ ಉತ್ತರವಾಗಿ ಒಬ್ಬ ವಿದ್ಯಾರ್ಥಿಯ ಕಥೆ ಹೇಳುತ್ತೇನೆ. ಯು.ಆರ್. ಅನಂತಮೂರ್ತಿಯವರು 1960ರ ದಶಕದ ನಡುವೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ವಿಷಯ, 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯ. ಒಂದು ಸಂಜೆ ತಮ್ಮ ಮಾರ್ಗದರ್ಶಕರಾದ ಮ್ಯಾಲ್ಕಂ ಬ್ರ್ಯಾಡ್‌ಬರಿ ಅವರ ಜೊತೆ ಸಿನಿಮಾ ನೋಡಲು ಹೋದರು. ಸ್ವೀಡನ್ನಿನ ಬರ್ಗ್‌ಮನ್ ತೆಗೆದ ‘ದಿ ಸೆವೆಂತ್ ಸೀಲ್’. ಮಾತಿಗೆ ಇಂಗ್ಲಿಷ್ ಅಡಿಬರಹ ಕೂಡ ಇರಲಿಲ್ಲ. ಅರ್ಧಂಬರ್ಧ ಅರ್ಥವಾದ ಆ ಚಿತ್ರದಲ್ಲಿ ಪ್ಲೇಗು ಹಬ್ಬಿದ ಮಧ್ಯಯುಗದ ಊರು. ಹೊರಗೆ ಬಂದು ಗುರುಗಳಿಗೆ ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ನಿಮಗೆ ಮಧ್ಯಯುಗ ಪುಸ್ತಕ ಓದಿ ಕಟ್ಟಿಕೊಳ್ಳಬೇಕಾದ ಸಂಗತಿ, ನನಗೆ ಅದು ನಾನು ಬೆಳೆದ ಊರಿನಲ್ಲೇ ಇದೆ. ಹಾಗಾದರೆ ಬರೆಯಿರಿ ಎಂದರು ಗುರುಗಳು. ‘ಸಂಸ್ಕಾರ’ ಕಾದಂಬರಿ ಹುಟ್ಟಿದ್ದು ಹಾಗೆ. ಕಾದಂಬರಿ 1965ರಲ್ಲಿ ಬಂತು, ಪಿಎಚ್.ಡಿ. 1966ರಲ್ಲಿ. ಎರಡೂ ಆದವು.

ಅದನ್ನು ಪ್ರಕಟಿಸಿದವರು ಯಾರು? ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆ. ಜಿ.ಬಿ. ಜೋಶಿಯವರು 1933ರಲ್ಲಿ ಸುರು ಮಾಡಿದ ಸಂಸ್ಥೆ, ಸುಭಾಸ ರಸ್ತೆಯಲ್ಲಿ ಮೆಟ್ಟಿಲು ಹತ್ತಿ ಹೋಗುವ ‘ಅಟ್ಟ’. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ 1958ರಲ್ಲಿ ಪದವಿ ಪಡೆದವರು, ಮುಂದೆ ಆಕ್ಸ್‌ಫರ್ಡಿಗೆ ಹೋದವರು. ಅವರ ‘ಯಯಾತಿ’, ‘ತುಘಲಕ್’ ಕೂಡ ಅದೇ ಅಟ್ಟದಿಂದ ಇಳಿದು ಬಂದವು. ಹೆಸರಾಂತ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಿಗೂ ಆ ಅಟ್ಟ ಮನೆಯಿದ್ದಂತೆ. ಹರಟೆ ಹೊಡೆಯಲು ಒಂದು ಜಾಗ, ಚಹಾ, ಬರೆದದ್ದನ್ನು ತಪ್ಪದೆ ಅಚ್ಚು ಹಾಕುವ ಒಬ್ಬ ಮನುಷ್ಯ. ಇಷ್ಟಿದ್ದರೆ ಹವ್ಯಾಸಕ್ಕೆ ಎಂಥ ಬಲ ಬರುತ್ತದೆ ಎಂಬುದಕ್ಕೆ ಧಾರವಾಡದಲ್ಲಿ ಓದುವ ನೀವು ದೂರ ಹೋಗಬೇಕಿಲ್ಲ.

‘ಸಂಸ್ಕಾರ’ ಚಲನಚಿತ್ರವಾದ ಬಗೆಯೂ ನಿಮಗೆ ಸಂಬಂಧಪಟ್ಟದ್ದೇ. 1970ರ ಆ ಚಿತ್ರದ ಹಿಂದೆ ಇದ್ದದ್ದು ಮದರಾಸಿನ ಒಂದು ಹವ್ಯಾಸಿ ನಾಟಕ ತಂಡದ ಗೆಳೆತನ. ನಿರ್ದೇಶಕರು ಪಟ್ಟಾಭಿರಾಮ ರೆಡ್ಡಿ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾದ ಕಾರ್ನಾಡರು ಅಲ್ಲಿನ ಒಂದು ಪ್ರಕಟಣಾಲಯದ ನೌಕರಿಯಲ್ಲಿದ್ದವರು. ನಾರಣಪ್ಪನಾದ ಪಿ. ಲಂಕೇಶ್ ಇಂಗ್ಲಿಷ್ ಅಧ್ಯಾಪಕರು. ಸಂಗೀತ ಕೊಟ್ಟ ರಾಜೀವ ತಾರಾನಾಥರು ಸರೋದ್ ವಾದಕರು ಮಾತ್ರವಲ್ಲ, ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದ ಮೇಷ್ಟರು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಶೃಂಗೇರಿಯ ಬಳಿಯ ವೈಕುಂಠಪುರದ ಅಗ್ರಹಾರದಲ್ಲಿ ಚಿತ್ರೀಕರಣ. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಯಿತು, ಆಮೇಲೆ ಕೇಂದ್ರ ಸರ್ಕಾರದ ಮಟ್ಟದಲ್ಲಿ ಬಿಡುಗಡೆ ಸಿಕ್ಕಿತು. ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದದ್ದು ಅದೇ ಚಿತ್ರ. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಚಂದ್ರಶೇಖರ ಕಂಬಾರರು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅವರು ಪಿಎಚ್.ಡಿ. ಮಾಡಿದ್ದೇ ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯ ಮೇಲೆ. ಮುಂದೆ ಅವರೇ ನಿರ್ದೇಶಿಸಿದ ‘ಕಾಡುಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅಭ್ಯಾಸದ ಕೋಣೆ ಯಾವುದು, ಆಟದ ಅಂಗಳ ಯಾವುದು ಎಂದು ಅವರ ಬರಹದಲ್ಲಿ ಗೆರೆ ಎಳೆದು ತೋರಿಸಿ ನೋಡೋಣ.

ಇಷ್ಟು ಕೇಳಿ ನಿಮ್ಮ ಮುಖ ಅರಳಿದೆ. ಸ್ವಲ್ಪ ತಾಳಿ. ಇವರೆಲ್ಲರ ಹೆಸರು ನಮಗೆ ಗೊತ್ತಿರುವುದು ಇವರು ಕೆಲಸ ಮುಗಿಸಿದ್ದರಿಂದ. ಮುಗಿಸದವರ ಪಟ್ಟಿ ಇದಕ್ಕಿಂತ ಉದ್ದ. ಅದರಲ್ಲಿ ನಾನೂ ಒಬ್ಬ.

1988ರಲ್ಲಿ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ನಾವು ನಾಲ್ಕು ಜನ ಗೆಳೆಯರು. ಕಲಘಟಗಿಯವನೊಬ್ಬ; ಅವನ ಸೋದರಮಾವ ಫೋಟೋ ತೆಗೆಯುವವರಾದ್ದರಿಂದ ಅವನಿಗೆ ಕ್ಯಾಮೆರಾ ಹಿಡಿಯುವ ಅಧಿಕಾರ ತಾನಾಗಿ ಬಂತು. ಅಣ್ಣಿಗೇರಿಯವನೊಬ್ಬ, ಏನನ್ನಾದರೂ ಯಾರಿಂದಾದರೂ ಕೇಳಿ ತರುವ ಕಲೆ ಅವನದು. ಕುಂದಗೋಳದ ಕಡೆಯ ಒಬ್ಬ ಹುಡುಗಿ, ಶನಿವಾರ ಊರಿಗೆ ಹೋಗಲೇಬೇಕಾದವಳು. ನಾಲ್ಕನೆಯವನು ನಾನು, ನಿರ್ದೇಶಕ! ಮದುವೆಗಳ ವಿಡಿಯೋ ತೆಗೆಯುವ ಒಬ್ಬರಿಂದ ಭಾನುವಾರಗಳ ಮಟ್ಟಿಗೆ ಕ್ಯಾಮೆರಾ, ಕ್ಯಾಸೆಟ್ಟು ಬಾಡಿಗೆಗೆ ಸಿಕ್ಕಿತು; ಮುಹೂರ್ತ ಇಲ್ಲದ ಭಾನುವಾರ ಮಾತ್ರ. ವಿಷಯ, ಇದೇ ನವಲಗುಂದದ ಜಮಖಾನೆ. ನಿಂತ ಮಗ್ಗದ ಮುಂದೆ ಕುಳಿತು ಹೆಣ್ಣುಮಕ್ಕಳು ನೇಯುವ ಆ ಜಮಖಾನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದ್ದು ನಿಮಗೆ ಗೊತ್ತು. ಆಗ ಅದನ್ನು ಕೇಳುವವರು ಕಡಿಮೆ.

ವಯಸ್ಸಾದ ಒಬ್ಬ ನೇಕಾರ ತಾಯಿ ಒಪ್ಪಿದರು. ಮೊದಲ ಭಾನುವಾರ ಮದುವೆ ಮನೆಯ ಹ್ಯಾಲೊಜನ್ ದೀಪ ಹಚ್ಚಿ ಅವರ ಕೈಯನ್ನು ತೆಗೆದೆವು. ಜಮಖಾನೆಯ ಮೇಲೆ ನವಿಲು ಆಗ ತಾನೆ ಕಾಲೂರಿತ್ತು. ಮುಂದಿನ ಭಾನುವಾರ ಮುಹೂರ್ತ, ಕ್ಯಾಮೆರಾ ಇಲ್ಲ. ಅದರ ಮುಂದಿನ ವಾರ ಪರೀಕ್ಷೆ. ಮೂರನೆಯ ಸಲ ಹೋದಾಗ ನವಿಲು ಪೂರ್ತಿಯಾಗಿ, ಪಕ್ಕದಲ್ಲಿ ಪಗಡೆಯ ಹಾಸು ಎದ್ದಿತ್ತು. ನಮಗೆ ನಡುವಿನ ಭಾಗ ಬೇಕಾಗಿತ್ತು. ನಿರ್ದೇಶಕನ ಗತ್ತಿನಲ್ಲಿ, ‘ಯಮ್ಮಾ, ಎರಡು ಗೇಣು ಬಿಚ್ಚಿ ಮತ್ತ ನೇಯತೀರೇನ್ರಿ?’ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. ‘ನೇಯ್ದದ್ದು ಬಿಚ್ಚಂಗಿಲ್ಲೋ ತಮ್ಮಾ. ನೀ ಅವತ್ತ ಬರಬೇಕಾಗಿತ್ತು’ ಎಂದಷ್ಟೇ ಹೇಳಿದರು.

ವಾರಕ್ಕೊಮ್ಮೆ ಸಿನಿಮಾ ತೆಗೆಯುವವನ ಎಲ್ಲ ಕಷ್ಟವೂ ಈ ಒಂದು ಮಾತಿನಲ್ಲಿದೆ. ನಾಟಕದಲ್ಲಿ ನಿನ್ನೆಯ ತಾಲೀಮನ್ನು ಇಂದು ತಿದ್ದಬಹುದು. ಸಿನಿಮಾದಲ್ಲಿ ಬಾಗಿಲು ತೆರೆಯುವ ಕೈಯನ್ನು ಈ ಭಾನುವಾರ ತೆಗೆದು, ಒಳಗೆ ಬರುವ ಮನುಷ್ಯನನ್ನು ಮುಂದಿನ ಭಾನುವಾರ ತೆಗೆದರೆ, ನೋಡುವವನಿಗೆ ಅದು ಒಂದೇ ಗಳಿಗೆ ಎನಿಸಬೇಕು. ಆ ಏಳು ದಿನಗಳಲ್ಲಿ ನಾಯಕ ಕ್ಷೌರ ಮಾಡಿಸಿಕೊಂಡಿರುತ್ತಾನೆ. ಗೋಡೆಗೆ ಸುಣ್ಣ ಬಳಿದಿರುತ್ತಾರೆ. ಹೊಲದ ಜೋಳ ಹಾಲುಗಾಳಿನಿಂದ ಸೀತನಿಗೆ, ಸೀತನಿಯಿಂದ ಕೊಯ್ಲಿಗೆ ಹೋಗಿರುತ್ತದೆ. ನೀವು ಓದುತ್ತ ಇರುವಾಗ ಜಗತ್ತು ನಿಮಗಾಗಿ ಕಾಯುವುದಿಲ್ಲ.

ಇದು ನಮ್ಮಂಥ ಬಡಪಾಯಿಗಳಿಗಷ್ಟೇ ಅಲ್ಲ, ಸತ್ಯಜಿತ್ ರಾಯ್ ಅವರಿಗೂ ಆಯಿತು. ಅವರು ಕಲ್ಕತ್ತೆಯ ಜಾಹೀರಾತು ಕಂಪನಿಯೊಂದರ ಕಲಾವಿದರಾಗಿದ್ದರು. ‘ಪಥೇರ್ ಪಾಂಚಾಲಿ’ಯನ್ನು 1952ರ ಅಕ್ಟೋಬರಿನಲ್ಲಿ ಸುರು ಮಾಡಿದ್ದು ನೌಕರಿ ಬಿಟ್ಟಲ್ಲ, ರಜೆಯ ದಿನಗಳಲ್ಲಿ. ಕ್ಯಾಮೆರಾ ಹಿಡಿದ ಸುಬ್ರತ ಮಿತ್ರ ಆಗಿನ್ನೂ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ. ಅದಕ್ಕೆ ಮೊದಲು ಚಲನಚಿತ್ರದ ಕ್ಯಾಮೆರಾ ನಡೆಸಿದವನೇ ಅಲ್ಲ. ಅಣ್ಣ ತಂಗಿಯಲ್ಲ, ಅಕ್ಕ ತಮ್ಮ, ದುರ್ಗಾ ಮತ್ತು ಅಪು ಬಿಳಿ ಹೂವಿನ ಹುಲ್ಲಿನ ಬಯಲಿನಲ್ಲಿ ರೈಲು ನೋಡುವ ದೃಶ್ಯವನ್ನು ಅರ್ಧ ತೆಗೆದರು. ಮುಂದಿನ ವಾರ ಹೋದರೆ ಹೂವೇ ಇಲ್ಲ, ದನ ಮೇದು ಹೋಗಿದ್ದವು. ನವಲಗುಂದದ ಯಾವ ದನ ಕಾಯುವ ಹುಡುಗನನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದ! ಮಿಕ್ಕರ್ಧಕ್ಕೆ ಇನ್ನೊಂದು ಹೂವಿನ ಕಾಲದವರೆಗೆ ಕಾದರು. ಚಿತ್ರ ಮುಗಿದದ್ದು 1955ರಲ್ಲಿ. ವಿಮೆಯ ಪಾಲಿಸಿ ಅಡವಿಟ್ಟರು, ಹೆಂಡತಿಯ ಒಡವೆ ಹೋಯಿತು. ಕೊನೆಗೆ ಕೈಹಿಡಿದದ್ದು ಪಶ್ಚಿಮ ಬಂಗಾಳ ಸರ್ಕಾರ. ಈ ಮೂರು ವರ್ಷಗಳಲ್ಲಿ ಅಪು ಪಾತ್ರದ ಹುಡುಗನ ದನಿ ಒಡೆಯಲಿಲ್ಲ, ದುರ್ಗಾ ದೊಡ್ಡವಳಾಗಲಿಲ್ಲ, ಮುದುಕಿಯ ಪಾತ್ರ ವಹಿಸಿದ ಚುನಿಬಾಲಾ ದೇವಿ ತೀರಿಕೊಳ್ಳಲಿಲ್ಲ. ತಮ್ಮನ್ನು ಕಾಪಾಡಿದ ಪವಾಡಗಳು ಇವೇ ಎಂದು ರಾಯ್ ಅವರೇ ಹೇಳಿಕೊಂಡಿದ್ದರು. ಪವಾಡವನ್ನು ನಂಬಿ ಕೆಲಸ ಹೂಡುವುದು ಎಲ್ಲರಿಗೂ ಹೇಳಿಸಿದ್ದಲ್ಲ.

ನಮ್ಮ ಜಮಖಾನೆಯ ಚಿತ್ರಕ್ಕೆ ಯಾವ ಪವಾಡವೂ ಆಗಲಿಲ್ಲ. ಐದಾರು ಭಾನುವಾರ ಹೋದೆವು. ಆಮೇಲೆ ‘ಪರೀಕ್ಷೆ ಮುಗೀಲಿ’ ಎಂದೆವು. ಪರೀಕ್ಷೆ ಮುಗಿದ ಮೇಲೆ ‘ಮಳಿ ನಿಲ್ಲಲಿ’ ಎಂದೆವು. ಕಲಘಟಗಿಯ ಗೆಳೆಯನ ತಂದೆ ಹಾಸಿಗೆ ಹಿಡಿದು, ಅವನು ಎರಡನೆಯ ವರ್ಷಕ್ಕೆ ಬರಲೇ ಇಲ್ಲ, ಹೊಲಕ್ಕೆ ಹೋದ. ಅವನ ಓದನ್ನು ನಮ್ಮ ಸಿನಿಮಾ ಕೆಡಿಸಿತು ಎಂದು ಅವರ ಮನೆಯವರು ಬಹಳ ಕಾಲ ಅನ್ನುತ್ತಿದ್ದರು. ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಮೊದಲ ವರ್ಷದ ಒಂದು ಪತ್ರಿಕೆಯಲ್ಲಿ ಅವನು ನಪಾಸಾಗಿದ್ದ, ಆ ಪರೀಕ್ಷೆಯ ಹಿಂದಿನ ದಿನ ನಮ್ಮೊಂದಿಗೆ ಇಲ್ಲಿದ್ದ. ಕರೆದವನು ನಾನು. ಇದನ್ನು ಇಷ್ಟು ವರ್ಷದಲ್ಲಿ ವೇದಿಕೆಯ ಮೇಲೆ ಹೇಳಿರಲಿಲ್ಲ.

ಕ್ಯಾಸೆಟ್ಟುಗಳು ವಿಡಿಯೋದವರ ಅಂಗಡಿಯಲ್ಲೇ ಉಳಿದವು. ಒಂದು ದಿನ ಕೇಳಲು ಹೋದಾಗ ಅವುಗಳ ಮೇಲೆ ಯಾರದೋ ಮದುವೆ ತುಂಬಿತ್ತು. ‘ನೀವು ಬರಲೇ ಇಲ್ಲಲ್ರಿ’ ಎಂದರು ಪಾಪ. ಅವರದೇನು ತಪ್ಪು? ನಾವು ಯಾವಾಗ ಬರುತ್ತೇವೆಂದು ಯಾರಿಗೂ, ನಮಗೂ, ಹೇಳಿರಲಿಲ್ಲ. ನಮಗೆ ಜಾತ್ರೆ ಇರಲಿಲ್ಲ.

ಆದರೆ ಒಂದು ಉಳಿಯಿತು. ಕುಂದಗೋಳದ ಕಡೆಯ ಆ ಹುಡುಗಿ ಭಾನುವಾರ ನಮ್ಮ ಜೊತೆ ಬರಲು ಮನೆಯಲ್ಲಿ ಒಪ್ಪಲಿಲ್ಲ. ಅವಳು ಬುಧವಾರದ ಮಧ್ಯಾಹ್ನ, ತರಗತಿ ಇಲ್ಲದ ಹೊತ್ತಿನಲ್ಲಿ, ಒಬ್ಬ ಗೆಳತಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದು, ಚಿತ್ರಕ್ಕೆ ಬೇಕೆಂದು ನೇಕಾರ ತಾಯಿಯ ಹತ್ತಿರ ಕೂತು ಬಣ್ಣದ ಹೆಸರು, ಚಿತ್ತಾರದ ಹೆಸರು, ಎಳೆಯ ಎಣಿಕೆ ಎಲ್ಲ ಬರೆದುಕೊಂಡು, ಬೆಳಕಿರುವಾಗಲೇ ಹಿಂದಿರುಗುತ್ತಿದ್ದಳು. ಚಿತ್ರ ನಿಂತಾಗ ಆ ಟಿಪ್ಪಣಿಯನ್ನೇ ಎಂ.ಎ. ಕಿರುಪ್ರಬಂಧವಾಗಿ ಬರೆದು ಒಪ್ಪಿಸಿದಳು. ಪ್ರಬಂಧ ಒಪ್ಪಿಸಲು ಕೊನೆಯ ದಿನಾಂಕ ಇತ್ತಲ್ಲ. ನಮ್ಮ ನಾಲ್ವರ ಕೆಲಸದಲ್ಲಿ ರಟ್ಟು ಕಟ್ಟಿಸಿಕೊಂಡದ್ದು ಅದೊಂದೇ.

ಇನ್ನು ನಿಮ್ಮ ಕಾಲಕ್ಕೆ ಬರುತ್ತೇನೆ. ರೀಲಿನ ಕಾಲದಲ್ಲಿ 35 ಎಂ.ಎಂ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತಿತ್ತು. ಸಾವಿರ ಅಡಿಯ ಒಂದು ಸುರುಳಿ ಎಂದರೆ ಹನ್ನೊಂದು ನಿಮಿಷ ಮಾತ್ರ. ಕ್ಯಾಮೆರಾದ ಗುಂಡಿ ಒತ್ತುವ ಮುನ್ನ ಹತ್ತು ಸಲ ಯೋಚಿಸುತ್ತಿದ್ದರು. ನಿಮ್ಮ ಜೇಬಿನ ಫೋನಿನಲ್ಲಿ ತೆಗೆದದ್ದಕ್ಕೆ ಖರ್ಚಿಲ್ಲ. ಮೊನ್ನೆ ನಿಮ್ಮ ತಂಡ ತೆಗೆದದ್ದು ಎಷ್ಟು ಎಂದು ಕೇಳಿದೆ. ಹದಿನಾಲ್ಕು ತಾಸು ಎಂದರು. ಅದನ್ನೆಲ್ಲ ಕುಳಿತು ನೋಡಿದವರು ಯಾರು ಎಂದೆ. ಯಾರೂ ಮಾತಾಡಲಿಲ್ಲ. ಓದಿನ ಹೊತ್ತನ್ನು ತಿನ್ನುವುದು ಚಿತ್ರೀಕರಣದ ಭಾನುವಾರವಲ್ಲ. ತೆಗೆದದ್ದನ್ನು ಹೊಂದಿಸಲು ಹಾಸ್ಟೆಲಿನಲ್ಲಿ ಕಳೆಯುವ ಸೋಮವಾರ, ಮಂಗಳವಾರ, ಬುಧವಾರದ ರಾತ್ರಿಗಳು. ಭಾನುವಾರ ಕಡಿಮೆ ತೆಗೆದರೆ ಸೋಮವಾರ ತರಗತಿಯಲ್ಲಿ ಕಣ್ಣು ತೆರೆದಿರುತ್ತದೆ. ನಿಮ್ಮ ಅಧ್ಯಾಪಕರ ದೂರಿಗೆ ನಾನು ಕೊಡಬಲ್ಲ ಪ್ರಾಮಾಣಿಕ ಉತ್ತರ ಇಷ್ಟೇ.

2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಒಂದು ಕನ್ನಡ ಕಿರುಚಿತ್ರಕ್ಕೆ ಬಂತು. ಮಾಡಿದವರು ಚಿದಾನಂದ ನಾಯ್ಕ್. ಮೊದಲು ವೈದ್ಯಶಿಕ್ಷಣ ಮುಗಿಸಿ, ಆಮೇಲೆ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಒಂದು ವರ್ಷದ ತರಬೇತಿಗೆ ಸೇರಿದವರು. ಮುದುಕಿಯೊಬ್ಬಳು ಊರಿನ ಕೋಳಿಹುಂಜವನ್ನು ಕದ್ದೊಯ್ದಾಗ ಊರಿಗೆ ಬೆಳಗೇ ಆಗದ ನಮ್ಮ ಜನಪದ ಕಥೆ ಅದು. ಅಜ್ಜಿ ಹೇಳಿದ್ದನ್ನು ನೀವೂ ಕೇಳಿದ್ದೀರಿ. ಚಿತ್ರದ ಉದ್ದ 16 ನಿಮಿಷ. ಚಿತ್ರೀಕರಣಕ್ಕೆ ಸಿಕ್ಕದ್ದು ನಾಲ್ಕು ದಿನ. ನಾಲ್ಕೇ ದಿನ ಎಂದಾಗ ಮನುಷ್ಯ ನಾಲ್ಕು ದಿನದಲ್ಲಿ ಆಗುವಂಥದ್ದನ್ನೇ ಯೋಚಿಸುತ್ತಾನೆ. ನಮ್ಮಲ್ಲಿ ಅನೇಕರು ಮೊದಲು ಮೂರು ತಾಸಿನ ಕಥೆ ಕಟ್ಟಿ, ಆಮೇಲೆ ಅದಕ್ಕೆ ಭಾನುವಾರ ಹುಡುಕುತ್ತಾರೆ. ಅಂಗಿ ಹೊಲಿಸಿ ಆಮೇಲೆ ಮೈಯಳತೆ ಕೊಟ್ಟ ಹಾಗೆ.

ಓಡಾಟದ ಹೊತ್ತು ಹಾಳು ಎಂದು ಹಲವರು ಗೊಣಗುವುದನ್ನು ಕೇಳಿದ್ದೇನೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರ ಬಳಿ ಕಲಿತರು. ಆಗ ಅವರಿಗೆ ಮನೆ, ಮಕ್ಕಳು, ಗಳಿಕೆಯ ಹೊಣೆ ಎಲ್ಲ ಇತ್ತು. ಗಾಡಿಯ ವೇಳೆಯೇ ಅವರ ಪಾಠದ ವೇಳೆ. ನಿಮ್ಮ ಚಿತ್ರಕಥೆಯ ಜಗಳಗಳನ್ನು ಬಸ್ಸಿನಲ್ಲೇ ಮುಗಿಸಿ. ಭಾನುವಾರ ಹೊಲದಲ್ಲಿ ನಿಂತು ಜಗಳಾಡಬೇಡಿ, ಅಷ್ಟರಲ್ಲಿ ಬೆಳಕು ಹೋಗಿರುತ್ತದೆ. ಇನ್ನು, ನಿಮ್ಮ ತಂಡದಲ್ಲಿ ಮೂವರು ಹುಡುಗಿಯರಿದ್ದಾರೆ. ಚಿತ್ರೀಕರಣ ಯಾವಾಗ ಮುಗಿಯಬೇಕು ಎಂಬುದನ್ನು ನಿರ್ದೇಶಕ ಅಲ್ಲ, ಅವರ ಊರಿನ ಕೊನೆಯ ಬಸ್ಸು ತೀರ್ಮಾನಿಸಲಿ. ಅದರಿಂದ ಚಿತ್ರಕ್ಕೆ ನಷ್ಟವಿಲ್ಲ, ನಾನು ಹೇಳಿದ ಆ ಟಿಪ್ಪಣಿಯ ಕಥೆ ನೆನೆಸಿಕೊಳ್ಳಿ.

ಕೊನೆಗೆ ನೀವು ಎತ್ತಿಕೊಂಡ ವಿಷಯ. 1980ರ ಜುಲೈ 21ರಂದು ಈ ಊರಿನಲ್ಲಿ, ನರಗುಂದದಲ್ಲಿ ನಡೆದದ್ದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರು, ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಕೇಳಿದ್ದಕ್ಕೆ ಎದ್ದು ನಿಂತರು. ಗೋಳಿಬಾರಾಯಿತು, ಜೀವ ಹೋದವು. ಇಡೀ ರಾಜ್ಯದ ರೈತ ಚಳವಳಿಗೆ ಅಲ್ಲಿಂದ ಹೊಸ ಕಸುವು ಬಂತು. ನೀವು ತೋರಿಸಿದ ತುಣುಕಿನಲ್ಲಿ ರೈತರು ಎದೆಯೆತ್ತರದ ಜೋಳದ ನಡುವೆ ನಡೆದು ಬರುತ್ತಾರೆ. ಬಹಳ ಚೆಂದ ಕಾಣುತ್ತದೆ. ಆದರೆ ಅದು ಹಿಂಗಾರಿ ಜೋಳ, ಸಂಕ್ರಾಂತಿಯ ಹೊತ್ತಿಗೆ ತೆಗೆದದ್ದು. ಜುಲೈ ತಿಂಗಳಲ್ಲಿ ನಮ್ಮ ಎರೆ ಹೊಲದಲ್ಲಿ ಆ ಜೋಳ ಎಲ್ಲಿತ್ತು? ಈ ಸಭೆಯಲ್ಲಿ ಹಿಂದೆ ಕೂತಿರುವ ಹಿರಿಯರು ಆಗಲೇ ನಗುತ್ತಿದ್ದಾರೆ. ಅವರನ್ನು ಕೇಳಿ. ಕಥೆ ಕಟ್ಟಿ ನಟಿಸಿ ತೋರಿಸುವ ಆಸೆ ಸದ್ಯಕ್ಕೆ ಬಿಡಿ. ಅಂದು ಇಪ್ಪತ್ತರ ಹರೆಯದಲ್ಲಿದ್ದವರು ಈಗ ಅರವತ್ತೈದು ದಾಟಿದ್ದಾರೆ. ಒಂದು ಭಾನುವಾರ ಒಬ್ಬರ ಕಟ್ಟೆಯ ಮೇಲೆ ಕೂತು, ಅವರ ಮಾತನ್ನು ಪೂರ್ತಿ ಕೇಳಿ ತೆಗೆದರೆ ಅಂದಿನ ಕೆಲಸ ಅಂದಿಗೆ ಮುಗಿಯಿತು. ಅದಕ್ಕೆ ಮುಂದಿನ ವಾರದ ಬೆಳಕಿನ ಹಂಗಿಲ್ಲ, ನಾಯಕನ ಕ್ಷೌರದ ಭಯವಿಲ್ಲ. ಹತ್ತು ಭಾನುವಾರಕ್ಕೆ ಹತ್ತು ಜನ. ಅದೇ ಬರಹಕ್ಕಿಳಿದರೆ ನಿಮ್ಮಲ್ಲಿ ಇತಿಹಾಸ ಓದುವ ಇಬ್ಬರಿಗೆ ಕಿರುಪ್ರಬಂಧವೂ ಆದೀತು, ನಿಮ್ಮ ಮಾರ್ಗದರ್ಶಕರನ್ನು ಮೊದಲೇ ಕೇಳಿ ಒಪ್ಪಿಸಿಕೊಳ್ಳಿ.

ಪ್ರತಿವರ್ಷ ಜುಲೈ 21ಕ್ಕೆ ಹುತಾತ್ಮ ರೈತರನ್ನು ನೆನೆಯಲು ಇಲ್ಲಿ ಜನ ಸೇರುತ್ತಾರೆ. ಅದು ಯಾವ ವಾರ ಬರುತ್ತದೆಂದು ನೋಡಬೇಡಿ, ನಿಮ್ಮ ಪರೀಕ್ಷೆ ಅದರ ಹಿಂದೆ ಬರುತ್ತದೋ ಮುಂದೋ ಎಂಬುದನ್ನು ಮಾತ್ರ ಇಂದೇ ನೋಡಿಕೊಳ್ಳಿ. ಆ ಸಂಜೆ ಶಾಲೆಯ ಗೋಡೆಯ ಮೇಲೆ ನಿಮ್ಮ ಚಿತ್ರ ತೋರಿಸುತ್ತೇವೆಂದು ಈ ಹಿರಿಯರಿಗೆ ಈಗಲೇ ಮಾತು ಕೊಡಿ. ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಕೈ ಎತ್ತಿ, ‘ಗ್ವಾಡಿಗೆ ಸುಣ್ಣ ನಾವು ಹಚ್ಚಿಸ್ತೀವ್ರಿ ಮಾಸ್ತರ’ ಎನ್ನುತ್ತಿದ್ದಾರೆ. ಇನ್ನು ನಾನು ಕೂಡುತ್ತೇನೆ. ನೀವು ಎದ್ದು ಅವರಿಗೆ ಉತ್ತರ ಹೇಳಿ.